ಪೈಕಾರ್ಮ್‌ನಲ್ಲಿ ಓಡುತ್ತೆ, ಕ್ರಾನ್‌ನಲ್ಲಿ ಓಡಲ್ಲ: ಪೈಥಾನ್ ಮಾಡ್ಯೂಲ್ ಹುಡುಕೋ ಪಾತ್ ನೀವು ಹೇಗೆ ಇಟ್ಕೋತೀರ?

ಕೇಳಿದವರು: ಹಾಲಿನಲೆಕ್ಕ

ನಮ್ಮೂರಿನ ಹಾಲಿನ ಡೇರಿಗೆ ಒಂದು ಚಿಕ್ಕ ಪ್ರೋಗ್ರಾಂ ಬರೆದುಕೊಟ್ಟಿದ್ದೀನಿ. ಬೆಳಿಗ್ಗೆ, ಸಂಜೆ ಹಾಕಿದ ಹಾಲಿನ ಲೀಟರ್, ಫ್ಯಾಟ್ ತಗೊಂಡು ದಿನದ ಪಟ್ಟಿ ಮಾಡುತ್ತೆ, ಅಷ್ಟೆ. ಉಬುಂಟು 24.04, ಪೈಥಾನ್ 3.12.

'ಡೇರಿ' ಅಂತ ಫೋಲ್ಡರ್. ಅದರೊಳಗೆ 'ಕಾಮನ್' ಫೋಲ್ಡರ್‌ನಲ್ಲಿ ರೇಟ್.ಪಿವೈ, 'ರಿಪೋರ್ಟ್ಸ್' ಫೋಲ್ಡರ್‌ನಲ್ಲಿ ಡೈಲಿ.ಪಿವೈ. ಡೈಲಿಯ ಮೊದಲ ಸಾಲು 'ಫ್ರಮ್ ಕಾಮನ್ ಇಂಪೋರ್ಟ್ ರೇಟ್'. ಪೈಕಾರ್ಮ್‌ನಲ್ಲಿ (ಕೋಡ್ ಬರೆಯೋ ಎಡಿಟರ್) ರನ್ ಒತ್ತಿದರೆ ಸಲೀಸಾಗಿ ಓಡುತ್ತೆ. ಟರ್ಮಿನಲ್‌ನಲ್ಲಿ ಡೇರಿ ಫೋಲ್ಡರ್‌ಗೇ ಹೋಗಿ 'ಪೈಥಾನ್3 ರಿಪೋರ್ಟ್ಸ್/ಡೈಲಿ.ಪಿವೈ' ಅಂತ ಕೊಟ್ಟರೆ 'ನೋ ಮಾಡ್ಯೂಲ್ ನೇಮ್ಡ್ ಕಾಮನ್' ಅನ್ನುತ್ತೆ. ಬ್ಯಾಶ್‌ಆರ್‌ಸಿ (ಟರ್ಮಿನಲ್ ತೆರೆದಾಗ ಓದೋ ಸೆಟ್ಟಿಂಗ್ ಫೈಲ್) ಕೊನೆಯಲ್ಲಿ ಪೈಥಾನ್‌ಪಾತ್ (ಮಾಡ್ಯೂಲ್ ಎಲ್ಲೆಲ್ಲಿ ಹುಡುಕಬೇಕು ಅಂತ ಹೇಳೋ ವೇರಿಯಬಲ್) ಎಕ್ಸ್‌ಪೋರ್ಟ್ ಮಾಡಿದೆ, ಟರ್ಮಿನಲ್ ಸರಿಹೋಯ್ತು. ರಾತ್ರಿ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಪ್ರೋಗ್ರಾಂನ ತಾನೇ ಓಡಿಸೋದು) ಮತ್ತೆ ಅದೇ ಎರರ್. ಒಂದೇ ಮೆಷಿನ್, ಒಂದೇ ಫೈಲ್. ಅನುಭವ ಇರೋರು ನಿಮ್ಮ ನಿಮ್ಮ ಪದ್ಧತಿ ಹೇಳಿದರೆ ಉಪಕಾರ.

ಕೆರೆಏರಿ

ಏನನ್ನೂ ಬದಲಾಯಿಸೋ ಮುಂಚೆ ಒಂದು ಸಲ ಕಣ್ಣಾರೆ ನೋಡಿಬಿಡಿ. ಡೈಲಿ.ಪಿವೈಯ ಎಲ್ಲಕ್ಕಿಂತ ಮೇಲೆ, ಆ ಇಂಪೋರ್ಟ್‌ಗಿಂತಲೂ ಮೇಲೆ, ಸಿಸ್ ಇಂಪೋರ್ಟ್ ಮಾಡಿ ಸಿಸ್.ಎಕ್ಸಿಕ್ಯೂಟಬಲ್, ಸಿಸ್.ಪಾತ್ ಎರಡನ್ನೂ ಪ್ರಿಂಟ್ ಮಾಡಿಸಿ. ಪೈಕಾರ್ಮ್, ಟರ್ಮಿನಲ್, ಕ್ರಾನ್ ಮೂರರಿಂದಲೂ ಓಡಿಸಿ, ಬಂದಿದ್ದನ್ನ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಫೈಲ್ ಆದರೂ ಪಟ್ಟಿ ಮೂರು ಥರ ಇರುತ್ತೆ.

ಸಿಸ್.ಪಾತ್ ಅನ್ನೋದು ಮಾಮೂಲಿ ಲಿಸ್ಟ್. ಮೇಲಿಂದ ಕೆಳಗೆ ಹುಡುಕುತ್ತೆ, ಮೊದಲು ಸಿಕ್ಕಿದ್ದನ್ನ ತಗೊಳ್ಳುತ್ತೆ, ಮುಂದಕ್ಕೆ ನೋಡಲ್ಲ. ಮೊದಲ ಜಾಗ ಯಾರದ್ದು ಅನ್ನೋದರಲ್ಲೇ ನಿಮ್ಮ ತೊಂದರೆ ಇರೋದು. ಫೈಲ್ ಹೆಸರು ಕೊಟ್ಟು ಓಡಿಸಿದರೆ ಆ ಜಾಗ ಫೈಲ್ ಇರೋ ಫೋಲ್ಡರ್‌ಗೆ ಹೋಗುತ್ತೆ, ನೀವು ನಿಂತಿರೋ ಫೋಲ್ಡರ್‌ಗಲ್ಲ. ಅಂದರೆ ರಿಪೋರ್ಟ್ಸ್‌ಗೆ. ರಿಪೋರ್ಟ್ಸ್ ಒಳಗೆ ಕಾಮನ್ ಇಲ್ಲ. ನೀವು ಡೇರಿಗೆ ಸಿಡಿ ಮಾಡಿದ್ದು ಇಲ್ಲಿ ಲೆಕ್ಕಕ್ಕೇ ಬರಲ್ಲ. ಅದರ ನಂತರ ಪೈಥಾನ್‌ಪಾತ್‌ನಲ್ಲಿ ಇರೋದು, ಆಮೇಲೆ ಪೈಥಾನ್‌ನ ಸ್ವಂತ ಲೈಬ್ರರಿ, ಕೊನೆಗೆ ಪಿಪ್ (ಲೈಬ್ರರಿ ಇನ್‌ಸ್ಟಾಲ್ ಮಾಡೋ ಕಮಾಂಡ್) ಹಾಕಿದ್ದು ಕೂರೋ ಸೈಟ್-ಪ್ಯಾಕೇಜಸ್.

ಪೈಕಾರ್ಮ್ ಯಾಕೆ ಓಡಿಸುತ್ತೆ ಅಂದ್ರೆ, ಅದರ ರನ್ ಕಾನ್ಫಿಗರೇಶನ್‌ನಲ್ಲಿ ಕಂಟೆಂಟ್ ರೂಟ್, ಸೋರ್ಸ್ ರೂಟ್‌ಗಳನ್ನ ಪೈಥಾನ್‌ಪಾತ್‌ಗೆ ಸೇರಿಸು ಅನ್ನೋ ಎರಡು ಟಿಕ್ ಮೊದಲಿಂದಲೇ ಹಾಕಿರುತ್ತೆ. ನಿಮಗೆ ಹೇಳದೆ ಉಪಕಾರ ಮಾಡಿದೆ. ಆ ಎರಡು ಟಿಕ್ ತೆಗೆದು ಓಡಿಸಿ, ಅಲ್ಲೂ ಅದೇ ಎರರ್ ಬರುತ್ತೆ.

ಸದ್ಯಕ್ಕೆ ಮದ್ದು: ಡೇರಿ ಫೋಲ್ಡರ್‌ನಲ್ಲಿ ನಿಂತು 'ಪೈಥಾನ್3 -ಎಂ ರಿಪೋರ್ಟ್ಸ್.ಡೈಲಿ' ಅನ್ನಿ. ಸ್ಲ್ಯಾಶ್ ಬದಲು ಚುಕ್ಕೆ, ಕೊನೆಗೆ ಪಿವೈ ಬೇಡ. -ಎಂ ಕೊಟ್ಟಾಗ ಮೊದಲ ಜಾಗ ನೀವು ನಿಂತಿರೋ ಫೋಲ್ಡರ್‌ಗೇ ಸಿಗುತ್ತೆ. ಕೋಡ್‌ನಲ್ಲಿ ಒಂದಕ್ಷರ ಮುಟ್ಟಬೇಕಾಗಿಲ್ಲ.

ರಾತ್ರಿಪಾಳಿ

ಕ್ರಾನ್ ಬಗ್ಗೆ ನಾನು ಹೇಳ್ತೀನಿ, ಸರ್ವರ್ ನೋಡ್ಕೊಳ್ಳೋದೇ ನನ್ನ ಕೆಲಸ.

ಕ್ರಾನ್ ನಿಮ್ಮ ಬ್ಯಾಶ್‌ಆರ್‌ಸಿ ಓದಲ್ಲ. ಇದು ತುಂಬಾ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು ಇದು: ಕ್ರಾನ್ ಸಾಲಿನಲ್ಲಿ ಬ್ಯಾಶ್ ಕರೆದು ಬ್ಯಾಶ್‌ಆರ್‌ಸಿಯನ್ನ ಸೋರ್ಸ್ ಮಾಡಿದರೂ ಉಬುಂಟುನಲ್ಲಿ ಪ್ರಯೋಜನ ಇಲ್ಲ. ಆ ಫೈಲ್ ತೆರೆದು ಮೇಲಿನ ಕೆಲವು ಸಾಲು ನೋಡಿ. 'ಎದುರಿಗೆ ಮನುಷ್ಯ ಕೂತಿಲ್ಲ ಅಂದರೆ ಇಲ್ಲಿಂದಲೇ ವಾಪಸ್ ಹೋಗು' ಅನ್ನೋ ಕೇಸ್ ಬ್ಲಾಕ್ ಅಲ್ಲಿದೆ. ನೀವು ಕೊನೆಯಲ್ಲಿ ಬರೆದ ಎಕ್ಸ್‌ಪೋರ್ಟ್ ತನಕ ಅದು ಬರೋದೇ ಇಲ್ಲ.

ಕ್ರಾನ್‌ಟ್ಯಾಬ್‌ನ ಮೇಲೇ ವೇರಿಯಬಲ್ ಬರೀಬಹುದು, ಆದರೆ ಅಲ್ಲಿ 'ಡಾಲರ್ ಹೋಮ್' ಅಂತ ಬರೆದರೆ ಬಿಡಿಸಲ್ಲ, ಅಕ್ಷರ ಅಕ್ಷರವಾಗಿ ಹಾಗೇ ಇಟ್ಟುಕೊಳ್ಳುತ್ತೆ. ಪೂರ್ತಿ ಪಾತ್ ಬರೀಬೇಕು.

ನಾನು ಬರೆಯೋ ಸಾಲು ಹೀಗಿರುತ್ತೆ: ಮೊದಲು 'ಸಿಡಿ' ಪೂರ್ತಿ ಪಾತ್ ಸಮೇತ, ಎರಡು ಆಂಪರ್ಸಂಡ್, ಆಮೇಲೆ '.ವೆನ್ವ್/ಬಿನ್/ಪೈಥಾನ್ -ಎಂ ರಿಪೋರ್ಟ್ಸ್.ಡೈಲಿ', ಕೊನೆಗೆ ಔಟ್‌ಪುಟ್ ಮತ್ತು ಎರರ್ ಎರಡನ್ನೂ ಒಂದು ಲಾಗ್ ಫೈಲ್‌ಗೆ. ವೆನ್ವ್‌ನ (ಒಂದು ಪ್ರಾಜೆಕ್ಟ್‌ಗೇ ಅಂತ ಇಡೋ ಪ್ರತ್ಯೇಕ ಪೈಥಾನ್ ಫೋಲ್ಡರ್) ಆಕ್ಟಿವೇಟ್ ಮಾಡೋ ಗೋಜೇ ಬೇಡ, ಅದರ ಬಿನ್ ಒಳಗಿನ ಪೈಥಾನ್‌ನ ನೇರ ಕರೆದರೆ ಸಾಕು. ಕ್ರಾನ್ ಬದಲು ಸಿಸ್ಟಮ್‌ಡಿ ಟೈಮರ್ ಆದರೆ ವರ್ಕಿಂಗ್‌ಡೈರೆಕ್ಟರಿ ಅನ್ನೋ ಸಾಲೇ ಇದೆ, ಇನ್ನೂ ಅಚ್ಚುಕಟ್ಟು. ಸುಡೋ (ಅಡ್ಮಿನ್ ಅಧಿಕಾರ ಕೊಡೋ ಕಮಾಂಡ್) ಹಾಕಿ ಓಡಿಸೋರು ನೆನಪಿಡಿ, ಅದು ನಿಮ್ಮ ಎನ್ವಿರಾನ್ಮೆಂಟ್‌ನ ಬಹುಪಾಲು ಉದುರಿಸಿಬಿಡುತ್ತೆ. ಪೈಥಾನ್‌ಪಾತ್ ಸಾಮಾನ್ಯವಾಗಿ ಆ ಕಡೆ ದಾಟಲ್ಲ.

ಧಾರವಾಡದಾಂವ

ನೋಡ್ರಿ, ಪೈಥಾನ್‌ಪಾತ್ ಅಂದ್ರ ಮಂದಿ ಯಾಕ ಇಷ್ಟ ಅಂಜತಾರ ಅಂತ ನನಗ ತಿಳಿವಲ್ದು. ನಾವು ಮೂರ್ನಾಕು ಮಂದಿ ಒಂದ ಕೋಡ್ ಮ್ಯಾಲೆ ಕೆಲಸ ಮಾಡ್ತೀವಿ, ಪ್ರಾಜೆಕ್ಟ್‌ನ್ಯಾಗ ಒಂದು ಸಣ್ಣ ಶೆಲ್ ಸ್ಕ್ರಿಪ್ಟ್ ಐತಿ, ಅದರಾಗ ಪೈಥಾನ್‌ಪಾತ್ ಹಾಕಿ ಅಲ್ಲಿಂದನ ಪೈಥಾನ್ ಚಾಲೂ ಮಾಡ್ತೀವಿ. ಕ್ರಾನ್‌ನಿಂದನೂ ಅದ ಸ್ಕ್ರಿಪ್ಟ್ ಕರೀತೀವಿ. ಬ್ಯಾಶ್‌ಆರ್‌ಸಿಗೆ ಹಾಕಿದ್ರ ನೀವು ಟರ್ಮಿನಲ್‌ನ್ಯಾಗ ಓಡಸೂ ಎಲ್ಲಾ ಪೈಥಾನ್‌ಗೂ ಹತ್ತತೈತಿ, ಅದು ತಪ್ಪು. ಒಂದ ಕೆಲಸಕ್ಕ ಮಾತ್ರ ಹಾಕಿದ್ರ ಏನೂ ಆಗೂದಿಲ್ಲ. ಎಲ್ಲಾದಕ್ಕೂ ಪ್ಯಾಕೇಜ್ ಕಟ್ಟಕೋಂತ ಕುಂತ್ರ ಹಾಲು ಒಡದ ಹೋಗತಾವ.

ಯಂತ್ರಶಾಲೆ

ಧಾರವಾಡದ ಅಣ್ಣನ ಮಾತು ಅರ್ಧ ಒಪ್ಪುತ್ತೀನಿ. ಸ್ಕ್ರಿಪ್ಟ್ ಒಳಗೇ ಇದ್ದರೆ ತೊಂದರೆ ಇಲ್ಲ. ಬ್ಯಾಶ್‌ಆರ್‌ಸಿಯಲ್ಲಿ ಇದ್ದರೆ ಏನಾಗುತ್ತೆ ಅಂತ ರೋಬೋಟ್ ಲ್ಯಾಬ್‌ನವರನ್ನ ಕೇಳಿ. ರಾಸ್ ಅನ್ನೋ ರೋಬೋಟ್ ಸಾಫ್ಟ್‌ವೇರ್‌ನ ಹಳೇ ಕೈನೆಟಿಕ್ ಆವೃತ್ತಿಯ ಸೆಟಪ್ ಫೈಲ್ ಪೈಥಾನ್ 2.7ರ ಡಿಸ್ಟ್-ಪ್ಯಾಕೇಜಸ್ ಫೋಲ್ಡರ್‌ನ ಪೈಥಾನ್‌ಪಾತ್‌ಗೆ ಸೇರಿಸುತ್ತಿತ್ತು. ಅದನ್ನ ಬ್ಯಾಶ್‌ಆರ್‌ಸಿಯಲ್ಲಿ ಇಟ್ಟುಕೊಂಡ ಹುಡುಗರು ಪೈಥಾನ್ 3ರಲ್ಲಿ ಸಿವಿ2 (ಚಿತ್ರಗಳ ಲೈಬ್ರರಿ) ಇಂಪೋರ್ಟ್ ಮಾಡಿದರೆ 2.7ರ ಸಿವಿ2 ಸಿಕ್ಕಿ 'ಅನ್‌ಡಿಫೈನ್ಡ್ ಸಿಂಬಲ್' ಅಂತ ಬೀಳುತ್ತಿತ್ತು. ವೆನ್ವ್ ಒಳಗೂ ಹಾಗೇ. ವೆನ್ವ್ ಇದ್ದರೆ ಹೊರಗಿನದ್ದೆಲ್ಲ ಬಂದ್ ಅಂದುಕೊಳ್ಳಬೇಡಿ. ಪೈಥಾನ್‌ಪಾತ್ ವೆನ್ವ್‌ನ ಸೈಟ್-ಪ್ಯಾಕೇಜಸ್‌ಗಿಂತ ಮುಂದೆ ಕೂರುತ್ತೆ.

ಇನ್ನೊಂದು ಸೂಕ್ಷ್ಮ. ಎಲ್ಲರೂ ಕಾಪಿ ಮಾಡೋ ಸಾಲು ಹಳೇ ಪೈಥಾನ್‌ಪಾತ್‌ನ ಮುಂದಿಟ್ಟು, ಕೋಲನ್ ಹಾಕಿ, ಹೊಸ ಫೋಲ್ಡರ್ ಸೇರಿಸೋದು. ಹಳೇದು ಖಾಲಿ ಇದ್ದರೆ ಉಳಿಯೋದು ಕೋಲನ್‌ನಿಂದ ಶುರುವಾಗೋ ಸಾಲು. ಕೋಲನ್ ಹಿಂದಿನ ಖಾಲಿ ಜಾಗವನ್ನ ಪೈಥಾನ್ 'ಈಗ ನಿಂತಿರೋ ಫೋಲ್ಡರ್' ಅಂತ ಓದುತ್ತೆ. ಆಗ ಡೌನ್‌ಲೋಡ್ಸ್‌ನಲ್ಲಿ ನಿಂತು ಏನೋ ಓಡಿಸಿದರೆ ಅಲ್ಲಿ ಬಿದ್ದಿರೋ ಯಾವುದೋ ಪಿವೈ ಫೈಲ್ ನುಸುಳಬಹುದು. ಮತ್ತೆ, ಕೋಟ್ ಒಳಗೆ ಟಿಲ್ಡೆ (ಹೋಮ್ ಫೋಲ್ಡರ್‌ನ ಗುರುತು ~) ಬರೆದರೆ ಶೆಲ್ ಬಿಡಿಸಲ್ಲ, ಪೈಥಾನ್ ಅಂತೂ ಬಿಡಿಸೋದೇ ಇಲ್ಲ.

ಕಿಟಕಿಪಕ್ಕ

ವಿಂಡೋಸ್‌ನವರಿಗೆ: ಪೈಥಾನ್‌ಪಾತ್‌ನ ಫೋಲ್ಡರ್‌ಗಳ ಮಧ್ಯೆ ಕೋಲನ್ ಅಲ್ಲ, ಸೆಮಿಕೋಲನ್. ಸೆಟ್ಎಕ್ಸ್ ಕಮಾಂಡ್‌ನಲ್ಲಿ ವೇರಿಯಬಲ್ ಇಟ್ಟಿದ್ದು ಆಗಲೇ ತೆರೆದಿರೋ ಕಪ್ಪು ಕಿಟಕಿಗೆ ತಾಗಲ್ಲ, ಹೊಸದು ತೆರೀಬೇಕು. ಜಿಪ್ ಆಗಿ ಬರೋ ಎಂಬೆಡೆಡ್ ಪೈಥಾನ್ ಬಳಸ್ತಿದ್ದರೆ ಅದರ ಜೊತೆ ._ಪಿಟಿಎಚ್ ಅನ್ನೋ ಫೈಲ್ ಇರುತ್ತೆ. ಅದು ಇರೋವರೆಗೂ ನೀವು ಪೈಥಾನ್‌ಪಾತ್‌ಗೆ ಏನೇ ತುಂಬಿದರೂ ಅದು ತಿರುಗಿ ನೋಡಲ್ಲ.

ಕೆರೆಏರಿ

ಪಾತ್ ಅನ್ನೋ ವಿಷಯ ಬಂದಾಗ ಹೆಸರಿನ ಘರ್ಷಣೆಯನ್ನೂ ಹೇಳಲೇಬೇಕು. ಫೈಲ್ ಹೆಸರು ಕೊಟ್ಟು ಓಡಿಸಿದಾಗ ಮೊದಲ ಜಾಗ ಆ ಫೈಲ್ ಇರೋ ಫೋಲ್ಡರ್‌ದೇ ಆಗಿರೋದರಿಂದ, ರಜೆ–ಹಬ್ಬದ ಪಟ್ಟಿಗೆ ಅಂತ ನೀವು ಡೈಲಿ ಪಕ್ಕ ಕ್ಯಾಲೆಂಡರ್.ಪಿವೈ ಅಂತ ಒಂದು ಫೈಲ್ ಇಟ್ಟರೆ, ಪೈಥಾನ್‌ನ ಸ್ವಂತ ಕ್ಯಾಲೆಂಡರ್ ಮರೆಯಾಗುತ್ತೆ. ನೀವು ಅದನ್ನ ಎಲ್ಲೂ ಇಂಪೋರ್ಟ್ ಮಾಡಿರಲ್ಲ, ಆದರೂ ರಿಕ್ವೆಸ್ಟ್ಸ್ (ವೆಬ್‌ನಿಂದ ಡೇಟಾ ತರೋ ಲೈಬ್ರರಿ) ಇಂಪೋರ್ಟ್ ಮಾಡಿದ ಕೂಡಲೇ ಬೀಳುತ್ತೆ: 'ಕ್ಯಾಲೆಂಡರ್‌ನಲ್ಲಿ ಟೈಮ್‌ಜಿಎಂ ಇಲ್ಲ'. ರಿಕ್ವೆಸ್ಟ್ಸ್‌ಗೆ ಕುಕೀಜಾರ್ ಬೇಕು, ಕುಕೀಜಾರ್‌ಗೆ ಕ್ಯಾಲೆಂಡರ್ ಬೇಕು. ಈ ಸರಪಳಿ ಎರರ್‌ನ ಟ್ರೇಸ್‌ಬ್ಯಾಕ್‌ನಲ್ಲಿ ಪೂರ್ತಿ ಕಾಣುತ್ತೆ, ಆದರೆ ಕೊನೇ ಸಾಲು ಮಾತ್ರ ಓದೋರಿಗೆ ಹೊಳೆಯಲ್ಲ. 3.13ರಿಂದ ಪೈಥಾನ್ನೇ 'ಈ ಫೈಲ್ ಹೆಸರು ಬದಲಾಯಿಸಿ ನೋಡಿ' ಅಂತ ಸುಳಿವು ಕೊಡುತ್ತೆ. ನಿಮ್ಮದು 3.12, ಆ ಭಾಗ್ಯ ಇಲ್ಲ. ಅನುಮಾನ ಬಂದಾಗ ಆ ಮಾಡ್ಯೂಲ್‌ನ ಡಂಡರ್ ಫೈಲ್ (__file__) ಪ್ರಿಂಟ್ ಮಾಡಿ, ಎಲ್ಲಿಂದ ಬಂತು ಅಂತ ಅದೇ ಹೇಳುತ್ತೆ. 3.11ರಿಂದ ದೊಡ್ಡ ಪಿ ಆಯ್ಕೆಯೂ ಇದೆ, ಅದು ಕೊಟ್ಟರೆ ಆ ಮೊದಲ ಜಾಗ ಸೇರೋದೇ ಇಲ್ಲ.

ಹಳೇಪರ್ಲ್

ಇದೆಲ್ಲ ನಮ್ಮ ಪರ್ಲ್ ಭಾಷೆಯಲ್ಲಿ ಆಗಿಹೋದ ಕಥೆ. ಅಲ್ಲಿ ಮಾಡ್ಯೂಲ್ ಹುಡುಕೋ ಆಟ್-ಇಂಕ್ ಅನ್ನೋ ಪಟ್ಟಿಯ ಕೊನೆಯಲ್ಲಿ ಒಂದು ಚುಕ್ಕೆ, ಅಂದರೆ ನಿಂತಿರೋ ಫೋಲ್ಡರ್, ಇರುತ್ತಿತ್ತು. 2017ರ 5.26ರಲ್ಲಿ ಸುರಕ್ಷತೆಗೆ ಅಂತ ತೆಗೆದರು. ಎಷ್ಟೋ ಹಳೇ ಸ್ಕ್ರಿಪ್ಟ್‌ಗಳು ಮಲಗಿದವು. ಫೈಂಡ್‌ಬಿನ್ ಜೊತೆ ಯೂಸ್ ಲಿಬ್ ಹಾಕಿ, ಅಂದರೆ ಬೇಕಾದ ಫೋಲ್ಡರ್‌ನ ನಾವೇ ಪಟ್ಟಿಗೆ ಸೇರಿಸಿ, ಎಬ್ಬಿಸಿದ್ದಾಯ್ತು. ತೆಗೆದದ್ದೇ ಒಳ್ಳೇದು ಅಂತ ನನ್ನ ಎಣಿಕೆ.

ಹಾಲಿನಲೆಕ್ಕ

ಎಲ್ಲರಿಗೂ ಧನ್ಯವಾದ. ಬ್ಯಾಶ್‌ಆರ್‌ಸಿ ಸಾಲು ತೆಗೆದೆ, -ಎಂ ಹಾಕಿದೆ, ಕ್ರಾನ್ ಓಡ್ತು. ಆದರೆ ಪಕ್ಕದೂರಿನ ಡೇರಿಯವರೂ ಕೇಳ್ತಿದ್ದಾರೆ, ಹಾಗಾಗಿ ಪಿಪ್‌ನಲ್ಲಿ ಸರಿಯಾಗಿ ಇನ್‌ಸ್ಟಾಲ್ ಆಗೋ ಹಾಗೆ ಮಾಡೋಣ ಅಂತ ಪೈಪ್ರಾಜೆಕ್ಟ್.ಟಾಮ್ಲ್ (ಪ್ಯಾಕೇಜ್‌ನ ವಿವರ ಬರೆಯೋ ಫೈಲ್) ಬರೆದು 'ಪಿಪ್ ಇನ್‌ಸ್ಟಾಲ್ -ಇ .' ಕೊಟ್ಟೆ (-ಇ ಅಂದರೆ ಕೋಡ್ ಕಾಪಿ ಮಾಡದೆ ಇದ್ದ ಜಾಗದಿಂದಲೇ ಬಳಸೋದು). ವೆನ್ವ್ ಹೊರಗೆ ಕೊಟ್ಟಾಗ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್' ಅಂತ ಬೈದು ಕಳಿಸಿತು. ವೆನ್ವ್ ಒಳಗೆ 'ಫ್ಲ್ಯಾಟ್ ಲೇಔಟ್‌ನಲ್ಲಿ ಒಂದಕ್ಕಿಂತ ಹೆಚ್ಚು ಟಾಪ್-ಲೆವೆಲ್ ಪ್ಯಾಕೇಜ್ ಸಿಕ್ಕಿದೆ: ಕಾಮನ್, ರಿಪೋರ್ಟ್ಸ್' ಅಂತ ನಿಂತುಬಿಡ್ತು.

ಯಂತ್ರಶಾಲೆ

ಮೊದಲನೇದು ಉಬುಂಟುವಿನ ಕಾವಲು. ಸಿಸ್ಟಮ್‌ನ ಪೈಥಾನ್ ಮೇಲೆ ಪಿಪ್ ಕೈ ಇಡಬಾರದು ಅಂತ. ಅದನ್ನ ಮುರಿಯೋ ಆಯ್ಕೆಯ ಹೆಸರಲ್ಲೇ 'ಬ್ರೇಕ್' ಅಂತಿದೆ, ಬೇಡ ಬಿಡಿ.

ಎರಡನೇದು, ಪ್ಯಾಕೇಜ್ ಕಟ್ಟೋ ಸೆಟಪ್‌ಟೂಲ್ಸ್ ಕೇಳ್ತಿರೋದು ನ್ಯಾಯವಾದ ಪ್ರಶ್ನೆ. ಕಾಮನ್ ಅಂತ ಹೆಸರಿನ ಪ್ಯಾಕೇಜ್ ಸೈಟ್-ಪ್ಯಾಕೇಜಸ್‌ಗೆ ಹೋದರೆ ನಾಳೆ ಇನ್ಯಾರದ್ದೋ ಕಾಮನ್ ಜೊತೆ ಜಗಳ. 'ಎಸ್‌ಆರ್‌ಸಿ' ಅಂತ ಫೋಲ್ಡರ್ ಮಾಡಿ, ಅದರೊಳಗೆ ಡೇರಿ, ಡೇರಿಯೊಳಗೆ ಕಾಮನ್ ಮತ್ತು ರಿಪೋರ್ಟ್ಸ್. ಡೇರಿ, ಕಾಮನ್, ರಿಪೋರ್ಟ್ಸ್ ಮೂರರಲ್ಲೂ ಖಾಲಿ ಇನಿಟ್ ಫೈಲ್ (__init__.py, ಇದು ಪ್ಯಾಕೇಜ್ ಅನ್ನೋ ಗುರುತು) ಇಡಿ. 3.3ರಿಂದ ಅದಿಲ್ಲದೆಯೂ ಇಂಪೋರ್ಟ್ ಆಗುತ್ತೆ, ಆದರೂ ಇಟ್ಟರೆ ತಲೆನೋವು ಕಡಿಮೆ. ಇಂಪೋರ್ಟ್ ಸಾಲು 'ಫ್ರಮ್ ಡೇರಿ.ಕಾಮನ್ ಇಂಪೋರ್ಟ್ ರೇಟ್' ಆಗಲಿ.

ಆಮೇಲೆ -ಇ ಇನ್‌ಸ್ಟಾಲ್ ಮಾಡಿ, ಕುತೂಹಲಕ್ಕೆ ವೆನ್ವ್‌ನ ಸೈಟ್-ಪ್ಯಾಕೇಜಸ್ ತೆರೆದು ನೋಡಿ. ಎಡಿಟಬಲ್ ಅಂತ ಶುರುವಾಗೋ .ಪಿಟಿಎಚ್ ಫೈಲ್ ಒಂದಿರುತ್ತೆ. ಒಳಗೆ ಒಂದೇ ಸಾಲು, ನಿಮ್ಮ ಎಸ್‌ಆರ್‌ಸಿಯ ಪೂರ್ತಿ ಪಾತ್. ಇಷ್ಟೇ ಅದರ ಗುಟ್ಟು. ಪೈಥಾನ್ ಏಳುವಾಗ ಆ ಸಾಲನ್ನ ಸಿಸ್.ಪಾತ್‌ಗೆ ಸೇರಿಸಿಕೊಳ್ಳುತ್ತೆ, ನೀವು ಎಲ್ಲಿ ನಿಂತು ಕರೆದರೂ. ಫೋಲ್ಡರ್ ಹೆಸರು ಬದಲಾಯಿಸಿದರೆ ಆ ಸಾಲು ಹಳೇ ಜಾಗಕ್ಕೇ ತೋರಿಸ್ತಿರುತ್ತೆ. ಆಗ ವೆನ್ವ್‌ನೇ ಅಳಿಸಿ ಹೊಸದು ಕಟ್ಟಿ, ಅದರ ಒಳಗೂ ಹಳೇ ಪೂರ್ತಿ ಪಾತ್‌ಗಳು ಕೂತಿರುತ್ತವೆ.

ಪಕ್ಕದೂರಿಗೆ -ಇ ಬೇಡ. 'ಪೈಥಾನ್ -ಎಂ ಬಿಲ್ಡ್' ಮಾಡಿದರೆ (ಬಿಲ್ಡ್ ಅನ್ನ ಪಿಪ್‌ನಲ್ಲಿ ಹಾಕಿಕೊಳ್ಳಬೇಕು) ಡಿಸ್ಟ್ ಫೋಲ್ಡರ್‌ನಲ್ಲಿ ಒಂದು ವೀಲ್ ಫೈಲ್ (ಇನ್‌ಸ್ಟಾಲ್ ಮಾಡೋಕೆ ಸಿದ್ಧವಾದ ಪ್ಯಾಕೇಜ್) ಬರುತ್ತೆ. ಪೆನ್‌ಡ್ರೈವ್‌ನಲ್ಲಿ ಕೊಡಿ, ಅವರು ತಮ್ಮ ವೆನ್ವ್‌ನಲ್ಲಿ ಪಿಪ್ ಇನ್‌ಸ್ಟಾಲ್ ಮಾಡಿಕೊಳ್ಳಲಿ. ನಿಮ್ಮ ಕೋಡ್ ಬೇರೆ ಲೈಬ್ರರಿ ಕೇಳಿದರೆ ಅವಕ್ಕೆ ಮಾತ್ರ ಅಲ್ಲಿ ಇಂಟರ್ನೆಟ್ ಬೇಕು. ಪೈಪ್ರಾಜೆಕ್ಟ್‌ನಲ್ಲಿ ಸ್ಕ್ರಿಪ್ಟ್ಸ್ ಭಾಗ ಬರೆದು 'ಡೇರಿ-ಡೈಲಿ' ಅನ್ನೋ ಹೆಸರನ್ನ ಡೈಲಿಯ ಮೇನ್ ಫಂಕ್ಷನ್‌ಗೆ ಕಟ್ಟಿದರೆ, ವೆನ್ವ್‌ನ ಬಿನ್‌ನಲ್ಲಿ ಅದೇ ಹೆಸರಿನ ಕಮಾಂಡ್ ಸಿಗುತ್ತೆ. ಕ್ರಾನ್‌ನಲ್ಲಿ ಸಿಡಿ ಕೂಡ ಬೇಕಾಗಲ್ಲ.

ರಾತ್ರಿಪಾಳಿ

ಸಿಡಿ ತೆಗೆಯೋ ಮುಂಚೆ ಒಂದು ನಿಮಿಷ. ಡೈಲಿಯಲ್ಲಿ 'ಓಪನ್ ಹಾಲು.ಸಿಎಸ್‌ವಿ' ಅಂತ ಬರೀ ಹೆಸರು ಕೊಟ್ಟಿದ್ದರೆ ಅದು ಸಿಸ್.ಪಾತ್‌ನಲ್ಲಿ ಹುಡುಕಲ್ಲ, ನಿಂತಿರೋ ಫೋಲ್ಡರ್‌ನಲ್ಲಿ ಮಾತ್ರ ನೋಡುತ್ತೆ. ಕ್ರಾನ್ ನಿಂತಿರೋದು ನಿಮ್ಮ ಹೋಮ್‌ನಲ್ಲಿ. ಡೇಟಾ ಫೋಲ್ಡರ್‌ನ ಪೂರ್ತಿ ಪಾತ್‌ನ ಕಮಾಂಡ್‌ಗೆ ಆರ್ಗ್ಯುಮೆಂಟ್ ಆಗಿ ಕೊಡಿ. ಆ ಡೇಟಾನ ಪ್ಯಾಕೇಜ್ ಒಳಗಂತೂ ಇಡಲೇಬೇಡಿ, ಮುಂದಿನ ಸಲ ಪಿಪ್ ಅನ್‌ಇನ್‌ಸ್ಟಾಲ್ ಮಾಡಿದಾಗ ಲೆಕ್ಕದ ಫೈಲೂ ಅದರ ಜೊತೆ ಹೋದೀತು.