ಲ್ಯಾಬ್ ಸರ್ವರ್‌ನಲ್ಲಿ ಮಿತಿ ಹಾಕಬೇಕಾದದ್ದು ಪ್ರೊಸೆಸ್‌ಗೋ, ಬಳಕೆದಾರನಿಗೋ?

ಹೇಮಾವತಿ ದಂಡೆ, ಹಾಸನ

ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಇರುವುದು ಒಂದೇ ಲಿನಕ್ಸ್ ಸರ್ವರ್, 16 ಜಿಬಿ ಮೆಮೊರಿ. ಒಂದು ಬ್ಯಾಚ್‌ನ ಮೂವತ್ತು ಮಕ್ಕಳೂ ಅದಕ್ಕೇ ಲಾಗಿನ್ ಆಗಿ ಸಿ ಮತ್ತು ಜಾವಾ ಪ್ರೋಗ್ರಾಂ ಬರೆಯುತ್ತಾರೆ. ಕಳೆದ ವಾರ ಆಪರೇಟಿಂಗ್ ಸಿಸ್ಟಮ್ ಲ್ಯಾಬ್‌ನಲ್ಲಿ ಒಬ್ಬ ಹುಡುಗ ಫೋರ್ಕ್ ಅನ್ನು (ಪ್ರೊಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಂ, ತನ್ನದೇ ಪ್ರತಿಯಾಗಿ ಚೈಲ್ಡ್ ಪ್ರೊಸೆಸ್ ಹುಟ್ಟಿಸುವ ಕರೆ) ಲೂಪ್‌ನ ಒಳಗೆ ಬರೆದು, ಚೈಲ್ಡ್ ಪ್ರೊಸೆಸ್ ಮುಗಿಯಬೇಕಾದ ಸಾಲನ್ನು ಬಿಟ್ಟಿದ್ದ. ಒಂದು ಎರಡಾಯಿತು, ಎರಡು ನಾಲ್ಕಾಯಿತು, ನೋಡನೋಡುತ್ತಿದ್ದಂತೆ ಎಲ್ಲರ ಪರದೆಯೂ ನಿಂತಿತು. ನನ್ನ ಟರ್ಮಿನಲ್‌ನಲ್ಲಿ ಬಂದದ್ದು ‘ಫೋರ್ಕ್: ರಿಸೋರ್ಸ್ ಟೆಂಪೊರರಿಲಿ ಅನ್‌ಅವೈಲಬಲ್’ ಎಂಬ ಒಂದೇ ಸಾಲು. ಯಾವ ಪ್ರೊಸೆಸ್ ಹೀಗೆ ಮಾಡುತ್ತಿದೆ ಎಂದು ನೋಡಲು ಪಿಎಸ್ ಆಜ್ಞೆ ಕೊಟ್ಟರೆ ಅದೂ ಓಡಲಿಲ್ಲ, ಅದಕ್ಕೂ ಒಂದು ಹೊಸ ಪ್ರೊಸೆಸ್ ಬೇಕಲ್ಲ! ಪವರ್ ಬಟನ್ ಒತ್ತದೆ ಬೇರೆ ದಾರಿ ಇರಲಿಲ್ಲ. ಉಳಿದ ಮಕ್ಕಳು ಸೇವ್ ಮಾಡದ ಕೆಲಸವೆಲ್ಲ ಹೋಯಿತು.

ಲಾಗಿನ್ ಆಗುವವರ ಮಿತಿಗಳನ್ನು ಬರೆಯುವ ಲಿಮಿಟ್ಸ್ ಕಾನ್ಫ್ ಕಡತದಲ್ಲಿ ಪ್ರತಿ ವಿದ್ಯಾರ್ಥಿಗೆ 100 ಪ್ರೊಸೆಸ್, 1 ಜಿಬಿ ಅಡ್ರೆಸ್ ಸ್ಪೇಸ್ (ಪ್ರೋಗ್ರಾಂ ಕಾದಿರಿಸಿಕೊಳ್ಳಬಹುದಾದ ವರ್ಚುವಲ್ ಮೆಮೊರಿ), 5 ನಿಮಿಷ ಸಿಪಿಯು ಸಮಯ ಎಂದು ಮಿತಿ ಬರೆಯಬೇಕೆಂದಿದ್ದೇನೆ. ಇಷ್ಟು ಸಾಕೇ?

ಕೆಂಪುಹೊಳೆ

ಸಾಲದು ಸರ್. ನೀವು ಬರೆದ ಮೂರರಲ್ಲಿ ಮೊದಲನೆಯದು ಮಾತ್ರ ಬಳಕೆದಾರನಿಗೆ ಅನ್ವಯಿಸುತ್ತದೆ. ಪ್ರೊಸೆಸ್ ಸಂಖ್ಯೆಯನ್ನು ಕರ್ನೆಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬಳಕೆದಾರನ ಐಡಿ ಹಿಡಿದು ಎಣಿಸುತ್ತದೆ, ಆದ್ದರಿಂದ ಫೋರ್ಕ್ ಹಾವಳಿ ನಿಲ್ಲುತ್ತದೆ. ಆದರೆ ಅಡ್ರೆಸ್ ಸ್ಪೇಸ್ ಮತ್ತು ಸಿಪಿಯು ಸಮಯ ಒಂದೊಂದು ಪ್ರೊಸೆಸ್‌ಗೂ ಬೇರೆ ಬೇರೆಯಾಗಿ ಸಿಗುತ್ತವೆ. ಪೇರೆಂಟ್‌ನ ಮಿತಿ ಚೈಲ್ಡ್‌ಗೆ ಹಾಗೆಯೇ ಬರುತ್ತದೆ, ಹಂಚಿಕೆಯಾಗುವುದಿಲ್ಲ. 100 ಪ್ರೊಸೆಸ್‌ಗೆ ತಲಾ 1 ಜಿಬಿ ಎಂದರೆ ಒಬ್ಬನೇ ವಿದ್ಯಾರ್ಥಿಗೆ 100 ಜಿಬಿ ಬರೆದುಕೊಟ್ಟ ಹಾಗಾಯಿತು, ನಿಮ್ಮಲ್ಲಿರುವುದು 16.

ಇನ್ನು ಜಾವಾ. ಜಾವಾ ಪ್ರೋಗ್ರಾಂ ಓಡಿಸುವ ಜೆವಿಎಂ ಶುರುವಾಗುವಾಗಲೇ ದೊಡ್ಡ ವರ್ಚುವಲ್ ಜಾಗವನ್ನು ಕಾದಿರಿಸಿಕೊಳ್ಳುತ್ತದೆ, ನಿಜವಾದ ಮೆಮೊರಿಯನ್ನು ಅಷ್ಟು ಮುಟ್ಟುವುದೇ ಇಲ್ಲ. 1 ಜಿಬಿ ಮಿತಿಯಲ್ಲಿ ‘ಹಲೋ ವರ್ಲ್ಡ್’ ಕೂಡ ಓಡದೆ ಹೋಗಬಹುದು. ನಿಜವಾಗಿ ಬಳಸಿದ ಮೆಮೊರಿಗೆ ಮಿತಿ ಹಾಕೋಣವೆಂದರೆ, ಆರ್‌ಎಸ್‌ಎಸ್ ಮಿತಿ ಎಂಬ ಹೆಸರು ಪಟ್ಟಿಯಲ್ಲಿ ಉಳಿದಿದೆ ಅಷ್ಟೆ, ಇಂದಿನ ಲಿನಕ್ಸ್ ಕರ್ನೆಲ್ ಅದನ್ನು ಜಾರಿ ಮಾಡುವುದಿಲ್ಲ.

ಈ ಮಿತಿಗಳ ಕ್ರಮ, ಅಂದರೆ ಆರ್‌ಲಿಮಿಟ್, 1983ರ ಯುನಿಕ್ಸ್ ಆವೃತ್ತಿಯಾದ 4.2ಬಿಎಸ್‌ಡಿ ಕಾಲದ ವ್ಯವಸ್ಥೆ. ಪ್ರೊಸೆಸ್‌ಗಳ ಗುಂಪಿಗೇ ಲೆಕ್ಕ ಮತ್ತು ಮಿತಿ ಇರಲಿ ಎಂದು ಗೂಗಲ್‌ನ ಎಂಜಿನಿಯರ್‌ಗಳು 2006ರಲ್ಲಿ ಸಿಗ್ರೂಪ್ ಕೆಲಸ ಶುರು ಮಾಡಿದರು. 2008ರ ಜನವರಿಯಲ್ಲಿ ಬಂದ 2.6.24 ಕರ್ನೆಲ್‌ನಲ್ಲಿ ಅದು ಸೇರಿತು, ಎರಡನೇ ಆವೃತ್ತಿ 2016ರ 4.5ರಲ್ಲಿ ಬಂತು. ಸೇವೆಗಳನ್ನು ಶುರು ಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿ ಪ್ರತಿ ಬಳಕೆದಾರನಿಗೂ ಆಗಲೇ ಒಂದು ಸ್ಲೈಸ್ (ಅವನ ಪ್ರೊಸೆಸ್‌ಗಳ ಸಿಗ್ರೂಪ್) ಮಾಡಿಟ್ಟಿರುತ್ತದೆ. ಅದಕ್ಕೆ ಮೆಮೊರಿಮ್ಯಾಕ್ಸ್ (ಗರಿಷ್ಠ ಮೆಮೊರಿ), ಟಾಸ್ಕ್ಸ್‌ಮ್ಯಾಕ್ಸ್ (ಪ್ರೊಸೆಸ್ ಮತ್ತು ಥ್ರೆಡ್‌ಗಳ ಗರಿಷ್ಠ ಸಂಖ್ಯೆ) ಬರೆದರೆ ಆ ವಿದ್ಯಾರ್ಥಿ ಎಷ್ಟೇ ಪ್ರೊಸೆಸ್ ಹುಟ್ಟಿಸಲಿ, ಎಲ್ಲದರ ಮೊತ್ತ ಅದರೊಳಗೇ ಇರಬೇಕು.

ಅರಸೀಕೆರೆ ಮೇಷ್ಟ್ರು

ಕೆಂಪುಹೊಳೆ ಅವರ ಲೆಕ್ಕ ಸರಿ. ಆದರೆ ಹಳೆಯದನ್ನು ಕೈಬಿಡಿ ಎಂಬಂತೆ ಹೇಳುವುದನ್ನು ಒಪ್ಪುವುದಿಲ್ಲ. ನಾನು ಇದೇ ವಿಷಯವನ್ನು ಪಾಠ ಮಾಡುವವನು. ವಿದ್ಯಾರ್ಥಿ ತನ್ನ ಪ್ರೋಗ್ರಾಂಗೆ ತಾನೇ ಮಿತಿ ಹಾಕಿಕೊಳ್ಳುವುದನ್ನು ಕಲಿಯಬೇಕಾದರೆ ಆರ್‌ಲಿಮಿಟ್ ಬದಲಿಸುವ ಸೆಟ್‌ಆರ್‌ಲಿಮಿಟ್ ಕರೆ ಬೇಕು. ಸಾಫ್ಟ್ ಮಿತಿಯನ್ನು (ಸದ್ಯ ಅನ್ವಯಿಸುವುದು) ಹಾರ್ಡ್ ಮಿತಿಯವರೆಗೆ (ಅದರ ಮೇಲಿನ ಗಡಿ) ಅವನೇ ಏರಿಸಿಕೊಳ್ಳಬಹುದು. ಹಾರ್ಡ್ ಮಿತಿಯನ್ನು ಒಮ್ಮೆ ಇಳಿಸಿದರೆ ಸಾಮಾನ್ಯ ಬಳಕೆದಾರ ಮತ್ತೆ ಏರಿಸಲಾರ. ಈ ಎರಡು ನಿಯಮಗಳಲ್ಲೇ ಅರ್ಧ ಅಧ್ಯಾಯದ ತಿರುಳಿದೆ.

ಸಿಪಿಯು ಮಿತಿ ಲ್ಯಾಬ್‌ಗೆ ಹೇಳಿ ಮಾಡಿಸಿದಂತಿದೆ. ಅದು ಎಣಿಸುವುದು ಗಡಿಯಾರದ ಸಮಯವನ್ನಲ್ಲ, ಪ್ರೊಸೆಸ್ ನಿಜವಾಗಿ ಓಡಿದ ಸಮಯವನ್ನು. ಸ್ಕ್ಯಾನ್‌ಎಫ್ ಮುಂದೆ ಇನ್‌ಪುಟ್‌ಗಾಗಿ ಅರ್ಧ ಗಂಟೆ ಕಾದರೂ ಒಂದು ಸೆಕೆಂಡ್ ಖರ್ಚಾಗುವುದಿಲ್ಲ, ಕೊನೆಯಿಲ್ಲದ ಲೂಪ್ ಮಾತ್ರ ಸಿಕ್ಕಿಬೀಳುತ್ತದೆ. ಸಾಫ್ಟ್ ಮಿತಿ ಮುಟ್ಟಿದಾಗ ಎಸ್‌ಐಜಿಎಕ್ಸ್‌ಸಿಪಿಯು ಸಿಗ್ನಲ್ ಬರುತ್ತದೆ. ಅದನ್ನು ಹಿಡಿದು, ಕಡತ ಮುಚ್ಚಿ, ಅಚ್ಚುಕಟ್ಟಾಗಿ ಹೊರಬರಲು ಪ್ರೋಗ್ರಾಂಗೆ ಅವಕಾಶವಿದೆ. ಹಾರ್ಡ್ ಮಿತಿ ಮುಟ್ಟಿದರೆ ಎಸ್‌ಐಜಿಕಿಲ್ ಬಂದು ಪ್ರೋಗ್ರಾಂ ಅಲ್ಲೇ ಸಾಯುತ್ತದೆ, ಮಾತುಕತೆ ಇಲ್ಲ.

ಸಕಲೇಶಪುರದ ವಿದ್ಯಾರ್ಥಿನಿ

ಮೇಷ್ಟ್ರೇ, ಕಡತ ಮುಚ್ಚಿ ಹೊರಬರುವ ಅವಕಾಶ ನಮಗೆ ಸಿಕ್ಕಿದ್ದೇ ಇಲ್ಲ. ನನ್ನ ಕಾಲೇಜಿನಲ್ಲೂ ಇಂಥದೇ ಸರ್ವರ್ ಇದೆ, ಇಂಥದೇ ಮಿತಿ ಹಾಕಿದ್ದಾರೆ. ಪ್ರೋಗ್ರಾಂ ಓಡಿಸಿದರೆ ‘ಕಿಲ್ಡ್’ ಎಂಬ ಒಂದು ಪದ ಬರುತ್ತದೆ. ಮೆಮೊರಿ ಹೆಚ್ಚಾಯಿತೋ, ಸಮಯ ಮೀರಿತೋ, ಬೇರೆ ಯಾರದೋ ಪ್ರೋಗ್ರಾಂನಿಂದ ನನ್ನದು ಹೋಯಿತೋ ಗೊತ್ತಾಗುವುದಿಲ್ಲ. ಸಂಜೆಯ ಬಸ್ ಹಿಡಿಯಬೇಕಾದ ನಮಗೆ ಲ್ಯಾಬ್‌ನ ಎರಡು ಗಂಟೆ ಬಿಟ್ಟರೆ ಬೇರೆ ಸಮಯವಿಲ್ಲ. ಮಾಲಾಕ್ ಮಾಡಿ ಪಡೆದ ಮೆಮೊರಿಯನ್ನು ಫ್ರೀ ಮಾಡದ ತಪ್ಪು ನನ್ನದೇ ಇರಲಿ, ಅದು ಆ ತಪ್ಪು ಎಂದು ತಿಳಿಯಬೇಡವೇ? ಮಿತಿ ಎಷ್ಟು, ನಾನು ಈಗ ಎಷ್ಟು ಬಳಸಿದ್ದೇನೆ, ಈ ಎರಡನ್ನು ನೋಡುವ ದಾರಿಯನ್ನು ಮೊದಲ ದಿನವೇ ಹೇಳಿಕೊಡಬೇಕೆಂದು ಕೇಳುತ್ತೇನೆ.

ಬಾಳೆಹೊನ್ನೂರು

ಈ ಮೇಡಂ ಕೇಳಿದ್ದೇ ಮುಖ್ಯವಾದದ್ದು. ಅಳೆಯದೆ ಮಿತಿ ಹಾಕಬಾರದು. ಚಿಕ್ಕಮಗಳೂರಿನಲ್ಲಿ ಒಂದು ಕಾಫಿ ವ್ಯಾಪಾರದ ಕಚೇರಿಯ ಸರ್ವರ್ ನನ್ನ ಸುಪರ್ದಿಯಲ್ಲಿದೆ. ನನಗಿಂತ ಹಿಂದೆ ಇದ್ದವರು ಡೇಟಾಬೇಸ್‌ಗೆ ಅಂದಾಜಿನ ಮೇಲೆ ಮೆಮೊರಿ ಮಿತಿ ಹಾಕಿದ್ದರು. ಮಳೆಗಾಲದ ತಿಂಗಳುಗಳಲ್ಲಿ ಏನೂ ತೊಂದರೆಯಿರಲಿಲ್ಲ. ಕೊಯ್ಲು ಮುಗಿದು ಜನವರಿಯಲ್ಲಿ ಬಿಲ್‌ಗಳು ಒಂದರ ಹಿಂದೆ ಒಂದು ಬರತೊಡಗಿದಾಗ ಡೇಟಾಬೇಸ್ ನಡುಮಧ್ಯೆ ಸಾಯುತ್ತಿತ್ತು. ಏರುಹೊತ್ತಿನ ಬಳಕೆಯನ್ನು ಯಾರೂ ಅಳೆದಿರಲಿಲ್ಲ.

ಅಳೆಯುವುದಕ್ಕೆ ಗೆಟ್‌ಆರ್‌ಯೂಸೇಜ್ ಎಂಬ ಕರೆ ಇದೆ. ಬ್ಯಾಷ್ ಶೆಲ್‌ನ ಒಳಗಿನ ಟೈಮ್ ಆಜ್ಞೆ ಅಲ್ಲ, ಯುಎಸ್‌ಆರ್ ಬಿನ್‌ನಲ್ಲಿರುವ ಗ್ನೂ ಟೈಮ್ ಅನ್ನು ‘ವಿ’ ಆಯ್ಕೆಯೊಂದಿಗೆ ಓಡಿಸಿದರೆ ಯೂಸರ್ ಸಮಯ, ಸಿಸ್ಟಮ್ ಸಮಯ, ಗರಿಷ್ಠ ಮೆಮೊರಿ ಎಲ್ಲವೂ ಸಿಗುತ್ತವೆ. ಲಿನಕ್ಸ್‌ನಲ್ಲಿ ಗರಿಷ್ಠ ಮೆಮೊರಿ ಬರುವುದು ಕಿಲೋಬೈಟ್‌ನಲ್ಲಿ. ಮ್ಯಾಕ್‌ನಲ್ಲಿ ಅದೇ ಕರೆ ಬೈಟ್‌ನಲ್ಲಿ ಕೊಡುತ್ತದೆ, ಹೋಲಿಸುವಾಗ ಎಚ್ಚರ. ಇನ್ನೊಂದು ಹಳ್ಳವೂ ಇದೆ: ಚೈಲ್ಡ್‌ಗಳ ಲೆಕ್ಕ ಕೇಳಿದರೆ, ಮುಗಿದು, ಪೇರೆಂಟ್ ವೇಯ್ಟ್ ಮಾಡಿ ಕರೆದುಕೊಂಡ ಚೈಲ್ಡ್‌ಗಳು ಮಾತ್ರ ಸೇರುತ್ತವೆ. ಗರಿಷ್ಠ ಮೆಮೊರಿಯಂತೂ ಅವುಗಳಲ್ಲಿ ಅತಿ ದೊಡ್ಡ ಒಂದರದ್ದು, ಎಲ್ಲದರ ಮೊತ್ತವಲ್ಲ. ಫೋರ್ಕ್ ಮಾಡುವ ಪ್ರೋಗ್ರಾಂನಲ್ಲಿ ಈ ಸಂಖ್ಯೆಯನ್ನು ನಂಬಿ ಮಿತಿ ಬರೆದರೆ ಮೋಸಹೋಗುವುದು ಖಂಡಿತ.

ಕೆಂಪುಹೊಳೆ

ಆ ಮೊತ್ತ ಬೇಕೆಂದರೂ ಸಿಗ್ರೂಪ್‌ಗೇ ಬರಬೇಕು. ಹೊಸ ಕರ್ನೆಲ್‌ಗಳಲ್ಲಿ ಮೆಮೊರಿ ಪೀಕ್ ಎಂಬ ಕಡತವಿದೆ, ಇಡೀ ಗುಂಪು ಮುಟ್ಟಿದ ಗರಿಷ್ಠ ಅಲ್ಲಿರುತ್ತದೆ. ಕಡತ ಓದಿದಾಗ ತುಂಬುವ ಪೇಜ್ ಕ್ಯಾಶ್ ಕೂಡ ಅದರಲ್ಲಿ ಸೇರಿರುತ್ತದೆ ಎಂಬುದು ನೆನಪಿರಲಿ. ಒತ್ತಡ ಬಂದರೆ ಕರ್ನೆಲ್ ಅದನ್ನು ಬಿಡಿಸಿಕೊಳ್ಳುತ್ತದೆ, ಆ ಸಂಖ್ಯೆ ನೋಡಿ ಗಾಬರಿಯಾಗಬೇಡಿ.

ವಿದ್ಯಾರ್ಥಿನಿಯ ಪ್ರಶ್ನೆಗೆ: ಸಿಗ್ರೂಪ್‌ನ ಮೆಮೊರಿ ಇವೆಂಟ್ಸ್ ಕಡತದಲ್ಲಿ ಓಓಎಂ ಕಿಲ್ (ಮೆಮೊರಿ ಸಾಲದೆ ಕರ್ನೆಲ್ ಪ್ರೊಸೆಸ್ ಕೊಲ್ಲುವುದು) ಎಷ್ಟು ಸಲ ಆಯಿತೆಂದು ಬರೆದಿರುತ್ತದೆ. ಪ್ರೋಗ್ರಾಂ ಸತ್ತ ನಂತರ ಆ ಅಂಕೆ ಏರಿದ್ದರೆ ಕಾರಣ ಮೆಮೊರಿಯೇ. ಮ್ಯಾಕ್ಸ್‌ಗಿಂತ ಸ್ವಲ್ಪ ಕೆಳಗೆ ಮೆಮೊರಿಹೈ ಇಟ್ಟರೆ ಕರ್ನೆಲ್ ಕೊಲ್ಲುವ ಮುನ್ನ ಪ್ರೋಗ್ರಾಂ ಅನ್ನು ನಿಧಾನಗೊಳಿಸುತ್ತದೆ, ಅದೇ ಒಂದು ಮುನ್ಸೂಚನೆ. ಆರ್‌ಲಿಮಿಟ್ ನೋಡಲು ಯುಲಿಮಿಟ್ ‘ಎ’ ಆಯ್ಕೆ, ಓಡುತ್ತಿರುವ ಪ್ರೊಸೆಸ್‌ನದು ಬೇಕಾದರೆ ಪ್ರೋಕ್ ಅಡಿಯಲ್ಲಿ ಅದರ ಸಂಖ್ಯೆಯ ಡೈರೆಕ್ಟರಿಯಲ್ಲಿ ಲಿಮಿಟ್ಸ್ ಕಡತ.

ಅರಸೀಕೆರೆ ಮೇಷ್ಟ್ರು

ಸಿಪಿಯುಗೆ ಕೋಟಾ ಹಾಕಿ ಎಂದು ಮಾತ್ರ ಯಾರೂ ಹೇಳಬೇಡಿ. ಸರ್ವರ್ ಖಾಲಿ ಇದ್ದರೂ ಕೋಟಾ ಕೈಕಟ್ಟುತ್ತದೆ. ಸಿಪಿಯುವೇಯ್ಟ್ (ಪಾಲಿನ ತೂಕ) ಸಮವಾಗಿ ಕೊಟ್ಟರೆ ಪೈಪೋಟಿ ಇದ್ದಾಗ ಮಾತ್ರ ಸಮಪಾಲು, ಇಲ್ಲದಾಗ ಒಬ್ಬಳೇ ಕೂತಿದ್ದರೆ ಪೂರ್ತಿ ಅವಳದೇ.

ಕೆಂಪುಹೊಳೆ

ಇದನ್ನು ಪೂರ್ತಿ ಒಪ್ಪುತ್ತೇನೆ ಮೇಷ್ಟ್ರೇ.

ಹೇಮಾವತಿ ದಂಡೆ, ಹಾಸನ

ಎಲ್ಲರಿಗೂ ಧನ್ಯವಾದ. ಒಂದು ತೊಡಕು ಉಳಿದಿದೆ. ಮೂವತ್ತು ಜನರಿಗೆ ಸಮವಾಗಿ ಹಂಚಿದರೆ ತಲಾ ಅರ್ಧ ಜಿಬಿ, ಜಾವಾಗೆ ಇಕ್ಕಟ್ಟು. ತಲಾ 1.5 ಜಿಬಿ ಕೊಟ್ಟರೆ ಮೊತ್ತ 45 ಆಗುತ್ತದೆ.

ಕೆಂಪುಹೊಳೆ

ತಲಾ 1.5 ಕೊಡಿ, ಎಲ್ಲರೂ ಒಂದೇ ಕ್ಷಣದಲ್ಲಿ ತುದಿ ಮುಟ್ಟುವುದಿಲ್ಲ. ಅದರ ಮೇಲೆ ಎಲ್ಲ ಬಳಕೆದಾರರ ಸ್ಲೈಸ್‌ಗಳೂ ಒಳಗಿರುವ ಇಡೀ ಯೂಸರ್ ಸ್ಲೈಸ್‌ಗೆ 13 ಜಿಬಿ ಹಾಕಿ. ಮಿತಿಯೊಳಗೆ ಮಿತಿ ಇಡಲು ಬರುವುದೇ ಸಿಗ್ರೂಪ್‌ನ ಬಲ. ಉಳಿದ 3 ಜಿಬಿ ದೂರದಿಂದ ಲಾಗಿನ್ ಆಗಲು ಬೇಕಾದ ಎಸ್‌ಎಸ್‌ಎಚ್ ಮತ್ತಿತರ ಸೇವೆಗಳಿಗೆ. ಆದರೆ ನೀವು ರೂಟ್ (ಸರ್ವರ್‌ನ ನಿರ್ವಾಹಕ) ಆಗಿ ನೇರ ಲಾಗಿನ್ ಆದಾಗಲೂ ಅದೇ ಯೂಸರ್ ಸ್ಲೈಸ್‌ನ ಒಳಗೇ ಬರುತ್ತೀರಿ. ಎಲ್ಲ ಬಳಕೆದಾರರಿಗೂ ಬರೆದ ಟಾಸ್ಕ್ಸ್‌ಮ್ಯಾಕ್ಸ್ ನಿಮಗೂ ತಗಲುತ್ತದೆ. ರೂಟ್‌ನ, ಅಂದರೆ ಐಡಿ ಸೊನ್ನೆಯ, ಸ್ಲೈಸ್‌ಗೆ ಬೇರೆ, ದೊಡ್ಡ ಸಂಖ್ಯೆ ಬರೆದಿಡಿ.

ಹೇಮಾವತಿ ದಂಡೆ, ಹಾಸನ

ಹಾಗೆಯೇ ಮಾಡುತ್ತೇನೆ. ಮೊದಲು ಒಂದು ಪೂರ್ತಿ ಲ್ಯಾಬ್ ಅವಧಿಯ ಪೀಕ್ ಅಳೆದು, ಆಮೇಲೆ ಸಂಖ್ಯೆ ಬರೆಯುತ್ತೇನೆ. ಸಿಪಿಯು ಸಮಯದ ಸಾಫ್ಟ್ ಮಿತಿ ಮೇಷ್ಟ್ರು ಹೇಳಿದಂತೆ ಇರಲಿ. ಮಿತಿ ಎಷ್ಟು, ಬಳಕೆ ಎಷ್ಟು, ಹಿಂದಿನ ಸಲ ಓಓಎಂ ಆಯಿತೇ, ಇಷ್ಟನ್ನೂ ಲಾಗಿನ್ ಆದ ತಕ್ಷಣ ಕನ್ನಡದಲ್ಲೇ ತೋರಿಸುವ ಸಣ್ಣ ಸ್ಕ್ರಿಪ್ಟ್ ಬರೆಯುತ್ತಿದ್ದೇನೆ. ಮುಗಿದ ಮೇಲೆ ಇಲ್ಲೇ ಹಾಕುತ್ತೇನೆ, ಸಕಲೇಶಪುರದ ಮೇಡಂ ತಮ್ಮ ಕಾಲೇಜಿಗೂ ಒಯ್ಯಬಹುದು.