ಹೊಸಪೇಟೆ ಟಿಕೆಟ್: ಪ್ರಿಂಟ್ ಬೇಕಾ, ಬೇಡವಾ?

ಬಸವನಗುಡಿ ದೊಡ್ಡಪ್ಪ: ನಮ್ಮ ಮನೆಯ ಈ ಗುಂಪಲ್ಲಿ ಮೇಲೆ ಹಾಕಿರೋ ಮೆಸೇಜ್ ಎಲ್ಲರೂ ಓದಿ. ರೈಲಿನಲ್ಲಿ ಮೊಬೈಲ್ ತೋರಿಸಿದ್ರೆ ಇನ್ನು ನಡೆಯಲ್ವಂತೆ, ಪ್ರಿಂಟ್ ಕಡ್ಡಾಯವಂತೆ. ಹೊಸಪೇಟೆಗೆ ಹೊರಡೋರು 9 ಜನ ಇದ್ದೀವಿ. ನಾಳೆ ಗಾಂಧಿಬಜಾರಲ್ಲಿ 9 ಪ್ರತಿ ತೆಗೆಸ್ತೀನಿ.

ಭಾವ: ತೆಗೆಸ್ಬೇಡಿ ದೊಡ್ಡಮಾವ. ಆ ಮೆಸೇಜು ರಿಸರ್ವೇಶನ್, ಜನರಲ್, ಕೌಂಟರ್ ಟಿಕೆಟ್ ಮೂರನ್ನೂ ಕಲಸಿಬಿಟ್ಟಿದೆ. ಹೋಗೋಕೆ ನಮ್ಮದು ಐಆರ್‌ಸಿಟಿಸಿ ಇ-ಟಿಕೆಟ್. ಬುಕ್ ಆದಾಗ ಬಂದ ಎಸ್ಸೆಮ್ಮೆಸ್ ಸಾಕು, ಜೊತೆಗೆ ಟಿಕೆಟ್ಟಲ್ಲಿ ಹೆಸರಿರೋ ಒಬ್ಬರ ಒರಿಜಿನಲ್ ಐಡಿ. ಟಿಕೆಟ್ ಚೆಕ್ ಮಾಡೋ ಟಿಟಿಇ ಹೆಸರು ಹುಡುಕೋದು ರೈಲು ಹೊರಡೋ ಮುಂಚೆ ಸಿದ್ಧವಾಗೋ ಪ್ರಯಾಣಿಕರ ಪಟ್ಟಿ, ಅಂದ್ರೆ ಚಾರ್ಟಲ್ಲಿ, ನಮ್ಮ ಕಾಗದದಲ್ಲಲ್ಲ.

ಶೇಷಾದ್ರಿಪುರ ಅತ್ತೆ: ಎಸ್ಸೆಮ್ಮೆಸ್ಸೇ ಅಳಿಸಿಹೋಗಿದ್ರೆ?

ಭಾವ: ಚಾರ್ಟಲ್ಲಿ ಹೆಸರಿದ್ದು ಕೈಲಿ ಐಡಿ ಇದ್ರೆ ಒಂದು ಟಿಕೆಟ್ಟಿಗೆ 50 ರೂಪಾಯಿ ದಂಡ ಹಾಕಿ ರಸೀದಿ ಕೊಡ್ತಾರೆ. ಐಡಿ ಇಲ್ಲ ಅಂದ್ರೆ ಮಾತ್ರ ಕಷ್ಟ. ಆ ಟಿಕೆಟ್ಟಲ್ಲಿರೋ ಎಲ್ಲರೂ ಟಿಕೆಟ್ ಇಲ್ಲದೆ ಹತ್ತಿದ ಲೆಕ್ಕವೇ, 9 ಪ್ರಿಂಟ್ ಹಿಡಿದಿದ್ರೂ ಸರಿ. ಒಂದು ಟಿಕೆಟ್ಟಿಗೆ 6 ಜನಕ್ಕಿಂತ ಜಾಸ್ತಿ ಹಾಕೋಕಾಗಲ್ಲ, ಅದಕ್ಕೇ ನಮ್ಮದು 6 ಮತ್ತು 3 ಅಂತ ಎರಡು ಟಿಕೆಟ್, ಎರಡು ಬುಕಿಂಗ್ ನಂಬರ್ ಅಂದ್ರೆ ಪಿಎನ್‌ಆರ್. ಎರಡಕ್ಕೂ ಬೇರೆಬೇರೆ ಐಡಿ ಬೇಕು. ದಯವಿಟ್ಟು ಆರೂ ಜನರ ಆಧಾರ್ ಕಾರ್ಡನ್ನ ಚಿಕ್ಕಮ್ಮನ ಒಂದೇ ಬ್ಯಾಗಿಗೆ ತುಂಬಬೇಡಿ.

ಪುಟ್ಟಿ: ಫೋನಿನ ಡಿಜಿಲಾಕರ್ ಆ್ಯಪಲ್ಲಿರೋ ಐಡಿನೂ ನಡೆಯತ್ತೆ, ಆದ್ರೆ ‘ಇಶ್ಯೂಡ್ ಡಾಕ್ಯುಮೆಂಟ್ಸ್’ ಅನ್ನೋ ಕಡೆ ಇರೋ ಆಧಾರ್, ಡಿಎಲ್ ಮಾತ್ರ. ನಾವೇ ಫೋಟೋ ತೆಗೆದು ಅಪ್‌ಲೋಡ್ ಮಾಡಿದ್ದನ್ನ ಒಪ್ಪಲ್ಲ.

ದೊಡ್ಡಪ್ಪ: ರಾತ್ರಿ ಫೋನ್ ಸತ್ತರೆ ನಿಮ್ಮ ಲಾಕರ್ ಎಲ್ಲಿರತ್ತೆ? ಕಾಗದಕ್ಕೆ ಚಾರ್ಜ್ ಬೇಕಾ?

ಭಾವ: ಅದಕ್ಕೇ ಐಡಿ ಮಾತ್ರ ಕಾರ್ಡೇ ಇರಲಿ. ಟಿಕೆಟ್ಟಿನ ಸ್ಕ್ರೀನ್‌ಶಾಟ್ ಇಬ್ಬರಿಬ್ಬರ ಫೋನಲ್ಲಿರಲಿ, 10 ಅಂಕಿಯ ಪಿಎನ್‌ಆರ್ ಒಂದು ಚೀಟಿಲಿ ಬರೆದಿಟ್ಕೊಳ್ಳಿ. ಪ್ರಿಂಟ್ ನಂಬೋದ್ರಲ್ಲಿ ಇನ್ನೊಂದು ತೊಂದರೆ ಇದೆ. ಆ 3 ಜನರ ಟಿಕೆಟ್ ಈಗ ಕೂರೋಕಷ್ಟೇ ಜಾಗ, ಪೂರ್ತಿ ಬರ್ತ್ ಇನ್ನೂ ಇಲ್ಲ ಅನ್ನೋ ಆರ್‌ಎಸಿ. ನಾಳೆ ತೆಗೆಸಿದ ಕಾಗದದಲ್ಲಿ ಆರ್‌ಎಸಿ ಅಂತಲೇ ಇರತ್ತೆ, ಚಾರ್ಟ್ ಆದ್ಮೇಲೆ ಬರ್ತ್ ಸಿಕ್ಕಿದ್ರೆ ಬೋಗಿ, ಸೀಟು ಎರಡೂ ಬದಲಾಗಬಹುದು. ಹಳೇ ಕಾಗದ ನೋಡ್ಕೊಂಡು ಬೇರೆಯವರ ಸೀಟಲ್ಲಿ ಕೂತು ಜಗಳ ಆಗೋದು ಹೀಗೇ. ಇನ್ನು ವೇಟಿಂಗ್ ಲಿಸ್ಟ್ ಇ-ಟಿಕೆಟ್ಟಲ್ಲಿ ಯಾರೊಬ್ಬರಿಗೂ ಸೀಟ್ ಸಿಗದಿದ್ರೆ ಚಾರ್ಟ್ ಆದಾಗ ತಾನಾಗೇ ರದ್ದಾಗಿ ದುಡ್ಡು ವಾಪಸ್ ಹೋಗತ್ತೆ. ಆಮೇಲೆ ಆ ಪ್ರಿಂಟ್ ಬರೀ ರದ್ದಿ.

ಚಿಕ್ಕಪ್ಪ: ಅಣ್ಣ ಹೇಳೋದ್ರಲ್ಲೂ ಸತ್ಯ ಇದೆ ಕಣ್ರೋ. ಮೊಬೈಲಲ್ಲಿ ಜನರಲ್ ಟಿಕೆಟ್ ತೆಗೆದೋರಿಗೆ ದಂಡ ಬಿದ್ದಿದ್ದು ಸುಳ್ಳಾ?

ಭಾವ: ಸುಳ್ಳಲ್ಲ ಚಿಕ್ಕಮಾವ. ರೈಲ್ವೆಯ ಆ್ಯಪಲ್ಲಿ ಜನರಲ್ ಟಿಕೆಟ್ ತೆಗೆಯುವಾಗ ಪೇಪರ್, ಪೇಪರ್‌ಲೆಸ್ ಅಂತ ಎರಡು ಆಯ್ಕೆ ಬರತ್ತೆ. ಅವಸರದಲ್ಲಿ ‘ಪೇಪರ್’ ಒತ್ತಿದ್ರೆ ಫೋನಿಗೆ ಬರೋದು ಬರೀ ಬುಕಿಂಗ್ ಐಡಿ, ಅದು ಟಿಕೆಟ್ ಅಲ್ಲ. ಸ್ಟೇಷನ್ನಿನ ಎಟಿವಿಎಂ ಯಂತ್ರದಲ್ಲೋ ಕೌಂಟರಲ್ಲೋ ಅಚ್ಚು ಹಾಕಿಸ್ಕೊಂಡೇ ಹತ್ತಬೇಕು. ‘ಪೇಪರ್‌ಲೆಸ್’ ಒತ್ತಿದ್ರೆ ಪ್ರಿಂಟ್ ಬೇಡ, ಆದ್ರೆ ಆ್ಯಪ್ ತೆರೆದು ‘ಶೋ ಟಿಕೆಟ್’ ಒತ್ತಿ ಅಲ್ಲೇ ತೋರಿಸಬೇಕು. ನೆಟ್ ಇಲ್ಲದಿದ್ರೂ ತೆರೆಯತ್ತೆ. ಇಲ್ಲಿ ಸ್ಕ್ರೀನ್‌ಶಾಟ್ ನಡೆಯಲ್ಲ, ಟಿಕೆಟ್ ರದ್ದು ಮಾಡೋಕೂ ಆಗಲ್ಲ, ಫೋನ್ ಆಫ್ ಆಗಿದ್ರೆ ಟಿಕೆಟ್ ಇಲ್ಲ ಅಂತಲೇ ಲೆಕ್ಕ. ಜನರಲ್ ಟಿಕೆಟ್ಟಿಗೆ ಚಾರ್ಟಲ್ಲಿ ಹೆಸರಿರಲ್ವಲ್ಲ, ಅದಕ್ಕೇ ಈ ಬಿಗಿ. ದೊಡ್ಡಮಾವನ ಭಯಕ್ಕೆ ಅರ್ಥ ಇರೋದು ಇಲ್ಲಿ.

ಅತ್ತೆ: ಅಮ್ಮ ದೆಹಲಿಯಿಂದ ವಿಮಾನದಲ್ಲಿ ಬರ್ತಿದ್ದಾರೆ. ಅವರಿಗಾದ್ರೂ ಪ್ರಿಂಟ್ ಬೇಕಲ್ವಾ?

ಪುಟ್ಟಿ: ಬೇಡ ಅತ್ತೆ. ವಿಮಾನದಲ್ಲಿ ಕಾಗದದ ಟಿಕೆಟ್ ಕಾಲ 2008ರ ಜೂನ್ 1ಕ್ಕೇ ಮುಗೀತು, ಅವತ್ತಿಂದ ವಿಮಾನ ಕಂಪನಿಗಳ ಒಕ್ಕೂಟ ಐಎಟಿಎ ಪೂರ್ತಿ ಇ-ಟಿಕೆಟ್ಟಿಗೆ ಬಂತು. ನಾವು ಪ್ರಿಂಟ್ ತೆಗೆಯೋದು ಟಿಕೆಟ್ಟಿನ ವಿವರ ಅಷ್ಟೆ. ಗೇಟಲ್ಲಿ ಸಿಐಎಸ್‌ಎಫ್‌ನವರಿಗೆ ಟಿಕೆಟ್ ಫೋನಲ್ಲಿ ತೋರಿಸಿ ಐಡಿ ಕೊಟ್ರಾಯ್ತು. ಅಜ್ಜಿಗೆ ಫೋನ್ ಕಷ್ಟ ಆದ್ರೆ ಚೆಕ್-ಇನ್ ಕೌಂಟರಲ್ಲೇ ಬೋರ್ಡಿಂಗ್ ಪಾಸ್ ತಗೊಳ್ಳಲಿ. ಮನೇಲಿ ಪ್ರಿಂಟ್ ತೆಗೆದ್ರೆ ಬಾರ್‌ಕೋಡ್ ಮೇಲೆ ಮಡಚಬಾರದು. ಆ ಗೀರು ಬಿದ್ದ ಜಾಗವೇ ಸ್ಕ್ಯಾನ್ ಆಗದೆ ಹಿಂದಿನವರೆಲ್ಲ ಕಾಯೋ ಹಾಗಾಗತ್ತೆ. ಯುರೋಪಿನ ರಯಾನ್‌ಏರ್ ಅಂತೂ 2025ರ ನವೆಂಬರ್ 12ರಿಂದ ಪ್ರಿಂಟ್ ಮಾಡಿದ ಪಾಸ್ ಬಿಟ್ಟು ಆ್ಯಪ್‌ನದ್ದನ್ನೇ ಕೇಳ್ತಿದೆ.

ದೊಡ್ಡಪ್ಪ: ಸರಿ, ಹೋಗೋಕೆ ಪ್ರಿಂಟ್ ಬೇಡ. ವಾಪಸ್ ಬರೋ ಟಿಕೆಟ್ ನಾನೇ ಕೌಂಟರಲ್ಲಿ ತಗೊಂಡಿದ್ದೀನಿ. ಅದರ ಫೋಟೋ ತೆಗೆದು ಗುಂಪಿಗೆ ಹಾಕಿಬಿಡ್ಲಾ?

ಭಾವ: ಹಾಕಿ, ಆದ್ರೆ ಫೋಟೋ ತೋರಿಸಿ ಪ್ರಯಾಣ ಮಾಡೋಕಾಗಲ್ಲ, ಎಸ್ಸೆಮ್ಮೆಸ್ಸೂ ಅದಕ್ಕೆ ನಡೆಯಲ್ಲ. ಕೌಂಟರ್ ಟಿಕೆಟ್ಟಿಗೆ ಆ ಕಾಗದವೇ ಟಿಕೆಟ್. ಕಳೆದ್ರೆ ಚಾರ್ಟಿಗೆ ಮುಂಚೆ ನಕಲು ಟಿಕೆಟ್ಟಿಗೆ ಸ್ಲೀಪರ್‌ಗೆ ತಲಾ 50, ಏಸಿಗೆ 100 ರೂಪಾಯಿ. ಚಾರ್ಟ್ ಆದ್ಮೇಲೆ ದರದ ಅರ್ಧ ಕಟ್ಟಬೇಕು. ರದ್ದು ಮಾಡಿದ್ರೂ ಆ ಕಾಗದ ವಾಪಸ್ ಕೊಟ್ರೇನೇ ದುಡ್ಡು. ಎಲ್ಲಿಟ್ಟಿದ್ದೀರಿ?

ದೊಡ್ಡಪ್ಪ: ಬೀರುವಿನಲ್ಲಿ, ಪಂಚಾಂಗದೊಳಗೆ. ಲ್ಯಾಮಿನೇಟ್ ಮಾಡಿಸೋಣ ಅಂತಿದ್ದೆ.

ಪುಟ್ಟಿ: ಅಯ್ಯೋ ಬೇಡ ದೊಡ್ಡಪ್ಪ! ಬಿಸಿಗೆ ಅಚ್ಚು ಮೂಡೋ ಥರ್ಮಲ್ ಕಾಗದ ಆಗಿದ್ರೆ ಲ್ಯಾಮಿನೇಟ್ ಬಿಸಿಗೆ ಇಡೀ ಟಿಕೆಟ್ ಕಪ್ಪಾಗತ್ತೆ. ಪ್ಲಾಸ್ಟಿಕ್ ಕವರಲ್ಲಿ ಹಾಗೇ ಇಡಿ.

ಅತ್ತೆ: ಅಣ್ಣ, ಎರಡು ಟಿಕೆಟ್ ಇರಬೇಕು, 6 ಜನರದ್ದೊಂದು, 3 ಜನರದ್ದೊಂದು. ಈಗಲೇ ಎದ್ದು ನೋಡು.

ದೊಡ್ಡಪ್ಪ: ನೋಡಿದೆ. ಎರಡೂ ಇವೆ.