ಸಹಾಯ ಬೇಕು: ಲಾಡ್ ಸ್ಕೋರ್ ಲೆಕ್ಕದಲ್ಲಿ ಪೆನೆಟ್ರನ್ಸ್ ಸೇರಿಸುವುದು ಹೇಗೆ?

ಸದಸ್ಯರೆಲ್ಲರಿಗೂ ನಮಸ್ಕಾರ. ಪ್ರಬಲ ಗುಣವಾಗಿ ಇಳಿದುಬರುವ ಕಾಯಿಲೆಯೊಂದರ ವಂಶವಾಹಿಗೂ ಒಂದು ಮಾರ್ಕರ್‌ಗೂ (ಸ್ಥಾನ ತಿಳಿದಿರುವ ಡಿಎನ್‌ಎ ಗುರುತು) ಲಿಂಕೇಜ್, ಅಂದರೆ ಒಂದೇ ವರ್ಣತಂತುವಿನಲ್ಲಿ ಹತ್ತಿರವಿದ್ದು ಜೊತೆಯಾಗಿ ಇಳಿದುಬರುವ ನಂಟು, ಇದೆಯೇ ಎಂಬುದನ್ನು ಕೈಲೆಕ್ಕದಲ್ಲಿ ಪರೀಕ್ಷಿಸಲು ಕಲಿಯುತ್ತಿದ್ದೇನೆ. ಹತ್ತು ಮಕ್ಕಳಲ್ಲಿ ಒಬ್ಬರಲ್ಲೂ ಮರುಸಂಯೋಜನೆ (ಇವೆರಡೂ ಬೇರ್ಪಟ್ಟು ಇಳಿದುಬರುವುದು) ಆಗಿಲ್ಲದಿದ್ದರೆ, ಲಿಂಕೇಜ್ ಇದ್ದಾಗ ಮತ್ತು ಇಲ್ಲದಿದ್ದಾಗ ಈ ಫಲಿತಾಂಶ ಬರುವ ಸಂಭವನೀಯತೆಗಳ ಅನುಪಾತ 1024 ಆಗುತ್ತದೆ. 10ರ ಆಧಾರದಲ್ಲಿ ಅದರ ಲಾಗರಿದಮ್, ಅಂದರೆ ಲಾಡ್ ಸ್ಕೋರ್, 3.01 ಆಗಿದ್ದು, 1955ರಲ್ಲಿ ತಳಿವಿಜ್ಞಾನಿ ನ್ಯೂಟನ್ ಮಾರ್ಟನ್ ಸೂಚಿಸಿದ 3ರ ಮಿತಿಯನ್ನು ಕೂದಲೆಳೆಯಷ್ಟರಲ್ಲಿ ದಾಟುತ್ತದೆ. ಒಬ್ಬರಲ್ಲಿ ಮರುಸಂಯೋಜನೆ ಕಂಡರೂ ಗರಿಷ್ಠ ಸ್ಕೋರ್ ಸುಮಾರು 1.6ಕ್ಕೆ ಕುಸಿಯುತ್ತದೆ. ಇಲ್ಲಿಯವರೆಗೆ ಗೊಂದಲವಿಲ್ಲ.

ಅಜ್ಜ ಅಜ್ಜಿಯರ ರಕ್ತದ ಮಾದರಿ ಇಲ್ಲದೆ, ರೋಗಪೀಡಿತ ತಂದೆಯಲ್ಲಿ ಕಾಯಿಲೆಯ ಅಲೀಲ್ (ಒಂದೇ ಸ್ಥಾನದಲ್ಲಿರಬಹುದಾದ ಪರ್ಯಾಯ ರೂಪಗಳಲ್ಲಿ ಒಂದು) ಮಾರ್ಕರ್‌ನ ಯಾವ ಅಲೀಲಿನೊಂದಿಗೆ ಒಂದೇ ವರ್ಣತಂತುವಿನಲ್ಲಿದೆ ಎಂಬುದು ತಿಳಿಯದಿದ್ದಾಗ, ಎರಡೂ ಸಾಧ್ಯತೆಗಳ ಸರಾಸರಿ ತೆಗೆದುಕೊಂಡೆ. ಮರುಸಂಯೋಜನೆ ಇಲ್ಲದ ಅದೇ ಹತ್ತು ಮಕ್ಕಳಿಗೆ 2.71 ಬಂತು. ಈ ಕ್ರಮ ಸರಿಯೇ?

ಹೆಚ್ಚು ಕಾಡುತ್ತಿರುವುದು ಪೆನೆಟ್ರನ್ಸ್‌ನ, ಅಂದರೆ ಕಾಯಿಲೆಯ ಅಲೀಲ್ ಇರುವವರಲ್ಲಿ ಕಾಯಿಲೆ ನಿಜಕ್ಕೂ ತೋರುವವರ ಪ್ರಮಾಣದ, ಪ್ರಶ್ನೆ. ಅದು ಶೇ. 80 ಮಾತ್ರ ಎಂದಿಟ್ಟುಕೊಂಡರೆ, ಆರೋಗ್ಯವಂತ ಮಗನಲ್ಲಿ ಕಾಯಿಲೆಯೊಂದಿಗೆ ಸಾಗಿಬರುವ ಮಾರ್ಕರ್ ಅಲೀಲ್ ಕಂಡಾಗ ಅದನ್ನು ಮರುಸಂಯೋಜನೆ ಎಂದೇ ಎಣಿಸಬೇಕೋ, ಅಥವಾ ಕಾಯಿಲೆಯ ಅಲೀಲ್ ಬಂದೂ ಕಾಯಿಲೆ ತೋರದಿರುವ 0.2ರ ಸಂಭವವನ್ನು ಅವನ ಪಾಲಿನ ಲೆಕ್ಕದೊಳಗೆ ಸೇರಿಸಬೇಕೋ? ಸಾಫ್ಟ್‌ವೇರ್ ಉತ್ತರ ಕೊಡುತ್ತದೆಯೇ ಹೊರತು ಕಾರಣ ಹೇಳುವುದಿಲ್ಲ. ಬಲ್ಲವರು ಆ ಒಬ್ಬ ಮಗನ ಲೆಕ್ಕವನ್ನಷ್ಟೇ ಹಂತಹಂತವಾಗಿ ಬರೆದು ತೋರಿಸಿದರೆ ಉಪಕಾರವಾಗುತ್ತದೆ.